ಸೀನಿಯರ್ ಇಯರ್‌ಗೆ ನಾಲ್ಕೇ ಎಪಿ: ನನ್ನ ಅನುಭವ

ಸೀನಿಯರ್ ಇಯರ್, ಅಂದರೆ ಹನ್ನೆರಡನೇ ತರಗತಿಯಲ್ಲಿ ಏಳು ಎಪಿ (ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸು) ಇಲ್ಲದಿದ್ದರೆ ಒಳ್ಳೆ ಕಾಲೇಜು ಮರೆತುಬಿಡಿ ಅಂತ ಕ್ಯಾಲಿಫೋರ್ನಿಯಾದ ಬೇ ಏರಿಯಾದ ನಮ್ಮ ಬಳಗದಲ್ಲಿ ಎಲ್ಲರೂ ಹೇಳಿದ್ದರು. ಚಿಕ್ಕವಳಿಗೆ ನಾಲ್ಕೇ ಹಾಕಿಸಿದೆ, ಬೇಕಾದ ಕಡೆ ಎಂಜಿನಿಯರಿಂಗ್ ಸಿಕ್ಕಿತು. ಈಗ ಮುಂದಿನ ವರ್ಷದ ಕೋರ್ಸ್ ಫಾರ್ಮ್ ತುಂಬುವ ಫೆಬ್ರವರಿ ಬಂದರೆ ಅದೇ ಜನ ನನಗೆ ಫೋನ್ ಮಾಡುತ್ತಾರೆ.

ಹಲವು ಕಾಲೇಜುಗಳಿಗೆ ಒಂದೇ ಅರ್ಜಿಯಾದ ಕಾಮನ್ ಆ್ಯಪ್‌ನ ಸ್ಕೂಲ್ ರಿಪೋರ್ಟಿನಲ್ಲಿ ಶಾಲೆಯ ಕೌನ್ಸೆಲರ್ ಒಂದು ಟಿಕ್ ಹಾಕಬೇಕು: ಅದೇ ಶಾಲೆಯ ಬೇರೆ ಮಕ್ಕಳ ಮುಂದೆ ಈ ಮಗುವಿನ ಕೋರ್ಸುಗಳು ಎಷ್ಟು ಕಠಿಣ? ಎಲ್ಲಕ್ಕಿಂತ ಮೇಲಿನದು 'ಮೋಸ್ಟ್ ಡಿಮ್ಯಾಂಡಿಂಗ್'. ಆ ಟಿಕ್‌ಗೆ ನಿಮ್ಮ ಶಾಲೆಯಲ್ಲಿ ಏನು ಬೇಕು ಅನ್ನುವುದನ್ನು ಕೋರ್ಸ್ ಫಾರ್ಮ್ ತುಂಬುವ ಮೊದಲೇ ತಿಳಿದುಕೊಳ್ಳಿ. ನಮ್ಮಲ್ಲಿ ಐದು ಕೋರ್ ವಿಷಯ, ಅದರಲ್ಲಿ ನಾಲ್ಕು ಎಪಿ ಸಾಕಿತ್ತು. ಐದನೆಯ, ಆರನೆಯ ಎಪಿ ಹಾಕಿದರೂ ಟಿಕ್ ಅದೇ. ಇದನ್ನು ಹೇಗೆ ಬಾಯಿ ಬಿಡಿಸಿದೆ ಅನ್ನುವುದು ನನ್ನ ಹತ್ತಿರವೇ ಇರಲಿ.

ಚಿಕ್ಕವಳಿಗೆ ಹಾಕಿದ್ದು ಫಿಸಿಕ್ಸ್ ಸಿ (ಕ್ಯಾಲ್ಕುಲಸ್ ಬಳಸುವ ಫಿಸಿಕ್ಸ್), ಲಿಟರೇಚರ್, ಗವರ್ನಮೆಂಟ್, ಸ್ಪ್ಯಾನಿಷ್. ಕ್ಯಾಲ್ಕುಲಸ್ ಬಿಸಿ ಹನ್ನೊಂದನೇ ತರಗತಿಯಲ್ಲೇ ಮುಗಿದಿದ್ದರಿಂದ ಅದರ ಮುಂದಿನ ಮಲ್ಟಿವೇರಿಯಬಲ್ ಕ್ಯಾಲ್ಕುಲಸ್ ಕಮ್ಯುನಿಟಿ ಕಾಲೇಜಿನಲ್ಲಿ. ಅಲ್ಲಿ ಹೈಸ್ಕೂಲ್ ಮಕ್ಕಳಿಗೆ ಕಲಿಕೆಯ ಫೀ ಮನ್ನಾ, ಪುಸ್ತಕ ಮತ್ತೊಂದಕ್ಕೆ ಸುಮಾರು 150 ಡಾಲರ್. ಆದರೆ ಹೈಸ್ಕೂಲ್ ಮಕ್ಕಳ ರಿಜಿಸ್ಟ್ರೇಷನ್ ಸರದಿ ಕೊನೆಗೆ ಬರುತ್ತದೆ, ಅಷ್ಟರಲ್ಲಿ ಸಂಜೆ ಕ್ಲಾಸು ಭರ್ತಿ. ಅಲ್ಲಿನ ಗ್ರೇಡ್ ಕಾಲೇಜಿನ ದಾಖಲೆಯಾಗಿ ಉಳಿಯುತ್ತದೆ ಅನ್ನುವುದೂ ನೆನಪಿರಲಿ.

ದೊಡ್ಡವನಿಗೆ ಆರು ಹಾಕಿಸಿ ಕೈ ಸುಟ್ಟುಕೊಂಡಿದ್ದೆ. ಫಿಸಿಕ್ಸ್ ಸಿ ಜೊತೆಗೇ ಕ್ಯಾಲ್ಕುಲಸ್ ಎಬಿ (ಬಿಸಿಗಿಂತ ಕೆಳಗಿನ ಹಂತ). ಫಿಸಿಕ್ಸಿನಲ್ಲಿ ಅಕ್ಟೋಬರ್‌ಗೇ ಇಂಟಿಗ್ರಲ್ ಬಂತು, ಗಣಿತದ ಕ್ಲಾಸಿನಲ್ಲಿ ಇನ್ನೂ ಡೆರಿವೇಟಿವ್. ಮೊದಲ ಸೆಮಿಸ್ಟರ್ ಸಿ ಗ್ರೇಡ್, ಅದು ಮಿಡ್-ಇಯರ್ ರಿಪೋರ್ಟಿನಲ್ಲಿ ನೇರ ಕಾಲೇಜುಗಳಿಗೆ ಹೋಯಿತು. ಈ ಪಟ್ಟಿ ಮಾಡಿಕೊಟ್ಟ ಖಾಸಗಿ ಸಲಹೆಗಾರರಿಗೆ ಮೂರು ಸಾವಿರ ಡಾಲರ್ ಹತ್ತಿರ ಕೊಟ್ಟಿದ್ದೆ! ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಅರ್ಜಿಯ ಜಿಪಿಎಗೆ, ಅಂದರೆ ಗ್ರೇಡ್ ಸರಾಸರಿಗೆ, ಸೀನಿಯರ್ ಗ್ರೇಡ್ ಸೇರುವುದಿಲ್ಲ ಅಂತ ಸಡಿಲ ಬಿಡಬೇಡಿ. ಸೀಟು ಕೊಟ್ಟಮೇಲೂ ಡಿ, ಎಫ್ ಬರಬಾರದು ಅನ್ನುವ ಷರತ್ತು ಇರುತ್ತದೆ, ಕೋರ್ಸ್ ಬಿಟ್ಟರೆ ತಿಳಿಸಬೇಕು.

ಎಪಿ ಪರೀಕ್ಷೆ ಫೀ ತಲಾ ನೂರು ಡಾಲರ್ ಹಿಡಿಯಿರಿ. ಫಿಸಿಕ್ಸ್ ಸಿ ನಮ್ಮ ಶಾಲೆಯಲ್ಲಿ ಒಂದೇ ಕೋರ್ಸ್, ಪರೀಕ್ಷೆ ಎರಡು, ಫೀಸೂ ಎರಡು. ನವೆಂಬರ್ ಮಧ್ಯದೊಳಗೆ ಆರ್ಡರ್ ಆಗಬೇಕು, ತಡವಾದರೆ ಇನ್ನೂ 40. ಆರ್ಡರ್ ಮಾಡಿ ಬರೆಯದೆ ಬಿಟ್ಟರೂ 40 ಹೋಗುತ್ತದೆ. ದೊಡ್ಡವನದು ಎರಡು ಹಾಗೇ ಹೋದವು.

ಕೋರ್ಸ್ ಫಾರ್ಮಿನ ಕೊನೆಯಲ್ಲಿರುವ 'ಆಲ್ಟರ್ನೇಟ್' (ಕೇಳಿದ್ದು ಸಿಗದಿದ್ದರೆ ಬದಲಿ ಕೋರ್ಸ್) ಸಾಲುಗಳನ್ನು ಖಾಲಿ ಬಿಡಬೇಡಿ. ಫಿಸಿಕ್ಸ್ ಸಿ ನಮ್ಮಲ್ಲಿ ಒಂದೇ ಸೆಕ್ಷನ್, ಆರ್ಕೆಸ್ಟ್ರಾ ಕೂಡ ಅದೇ ಪೀರಿಯಡ್. ಹೀಗೆ ಒಂದು ತಪ್ಪಿದಾಗ ಸಾಲು ಖಾಲಿ ಇದ್ದರೆ ಕಂಪ್ಯೂಟರ್ ಆ ಜಾಗಕ್ಕೆ ಸೆರಾಮಿಕ್ಸ್ (ಮಣ್ಣಿನ ಪಾತ್ರೆ ಮಾಡುವ ಕ್ಲಾಸು) ತುಂಬುತ್ತದೆ. ಎರಡೂ ಸಾಲಿಗೆ ಕಠಿಣ ಕೋರ್ಸನ್ನೇ ಬರೆಯಿರಿ.

ಒಂದು ಪೀರಿಯಡ್ ಉಳಿಸೋಣ ಅಂತ ಬೇಸಿಗೆಯಲ್ಲಿ ಆನ್‌ಲೈನ್ ಎಕನಾಮಿಕ್ಸ್ ಮಾಡಿಸಿಯೂ ನೋಡಿದೆ. ಐನೂರು ಡಾಲರ್ ಖರ್ಚು. ಮುಂಚಿತ ಒಪ್ಪಿಗೆಯ ಸಹಿ ಇಲ್ಲ ಅಂತ ಶಾಲೆ ಕ್ರೆಡಿಟ್ ಕೊಡಲಿಲ್ಲ, ಸ್ಪ್ರಿಂಗ್‌ನಲ್ಲಿ ಅದನ್ನೇ ಮತ್ತೆ ಓದಿದಳು.