ಹಸಿರು ಕಲ್ಲಿನಲ್ಲಿ ಚಿನ್ನ ಹುಡುಕುವಾಗ ನಾನು ನೋಡುವುದು

ಗ್ರೀನ್‌ಸ್ಟೋನ್ ಪಟ್ಟಿಗೆ, ಅಂದರೆ ಹಳೆಯ ಹಸಿರು ಕಲ್ಲು ಉದ್ದಕ್ಕೆ ಹಬ್ಬಿರುವ ಪ್ರದೇಶಕ್ಕೆ, ಹೊಸದಾಗಿ ಬಂದವರ ಕಣ್ಣು ಮೊದಲು ಬೀಳುವುದು ಬೆಣಚುಕಲ್ಲಿನ ಬಿಳಿ ಗೆರೆಗಳ ಮೇಲೆ. ನಾನು ಶುರು ಮಾಡುವುದು ಅದರ ಪಕ್ಕದ ಕಲ್ಲಿನಿಂದ. ಬೆಣಚು ಎಲ್ಲಾ ಕಡೆ ಸಿಗುತ್ತದೆ, ಹೆಚ್ಚಿನದರಲ್ಲಿ ಚಿನ್ನ ಇರುವುದಿಲ್ಲ. ಚಿನ್ನ ತಂದ ಬಿಸಿ ದ್ರವ ಅಲ್ಲಿ ಹರಿದಿತ್ತಾ ಅನ್ನುವುದನ್ನು ಹೇಳುವುದು ಪಕ್ಕದ ಕಲ್ಲೇ.

ಈ ಕಲ್ಲುಗಳ ಮೂಲ ಲಾವಾ. ಹೆಚ್ಚಿನವು 250 ಕೋಟಿ ವರ್ಷಕ್ಕಿಂತ ಹಳೆಯವು, ಬಹುಪಾಲು ನೀರಿನಡಿ ಉಕ್ಕಿದ ಬಸಾಲ್ಟ್. ಆಮೇಲೆ ಶಾಖ, ಒತ್ತಡ, ನೀರು ಸೇರಿ ಕ್ಲೋರೈಟ್, ಆಕ್ಟಿನೊಲೈಟ್, ಎಪಿಡೋಟ್ ಎಂಬ ಹಸಿರು ಖನಿಜಗಳು ಹುಟ್ಟಿದವು. ಹಸಿರು ಬಂದದ್ದು ಹಾಗೆ. ಶಾಖ ಇನ್ನೂ ಜಾಸ್ತಿಯಾದ ಕಡೆ ಹಾರ್ನ್‌ಬ್ಲೆಂಡ್ ಎಂಬ ಕಪ್ಪು ಖನಿಜ ತುಂಬಿ ಕಲ್ಲು ಕಪ್ಪಗಾಗುತ್ತದೆ. ಕೋಲಾರದ ಚಿನ್ನ ಸಿಕ್ಕಿದ್ದು ಅಂಥ ಆಂಫಿಬೊಲೈಟ್‌ನಲ್ಲೇ.

ನಾನು ಪಟ್ಟಿಗೆ ಅಡ್ಡಲಾಗಿ ನಡೆಯುತ್ತೇನೆ. ಪದರಗಳು ಮಡಿಚಿಕೊಂಡು ತಲೆಕೆಳಗಾಗಿರಬಹುದು, ಹಾಗಾಗಿ ಯಾವ ಕಡೆ ಮೇಲಿತ್ತು ಅಂತ ತಿಳಿಯಲು ಲಾವಾ ದಿಂಬುಗಳನ್ನು (ನೀರಿನಡಿ ಉಕ್ಕಿದ ಲಾವಾ ದಿಂಬಿನಾಕಾರದಲ್ಲಿ ಗಟ್ಟಿಯಾದ ಉಂಡೆಗಳು) ಹುಡುಕುತ್ತೇನೆ. ಚಿತ್ರದುರ್ಗದ ಮರಡಿಹಳ್ಳಿಯಲ್ಲಿ ಇವು ಸೊಗಸಾಗಿ ಉಳಿದಿವೆ. ದಿಂಬಿನ ಬೆನ್ನು ಉಬ್ಬಿರುತ್ತದೆ, ಅಡಿಯಲ್ಲಿ ಕೆಳಗಿನ ದಿಂಬುಗಳ ಸಂದಿಗೆ ಇಳಿದ ಚೂಪು ಬಾಲ ಇರುತ್ತದೆ. ಬಾಲ ಇರುವ ಕಡೆಯೇ ಹಳೆಯ ಪದರ. ತಾಮ್ರ, ಸತುವು ಹುಡುಕುವವರಿಗೆ ಇದು ಬೇಕೇ ಬೇಕು. ಆ ಅದಿರು ಕೂತಿರುವುದು ಅಂದಿನ ಸಮುದ್ರದ ತಳದಲ್ಲಿ ಅಥವಾ ಅದಕ್ಕೆ ತೀರಾ ಹತ್ತಿರ, ಬಿಸಿನೀರು ಏರಿ ಬಂದ ದಾರಿ ಅದರ ಕೆಳಗೆ. ಕೊಮಟಿಯೈಟ್ (ಮೆಗ್ನೀಸಿಯಂ ತುಂಬಾ ಇರುವ ಹಳೆಯ ಲಾವಾ ಕಲ್ಲು) ಸಿಕ್ಕರೆ ಹುಡುಕಬೇಕಾದ್ದು ನಿಕಲ್. ಅದರ ಕತೆಯೇ ಬೇರೆ.

ನಡೆಯುತ್ತಾ ಹೋದಂತೆ ದಿಂಬುಗಳು ಚಪ್ಪಟೆಯಾಗಿ ಪಟ್ಟಿಗಳಂತೆ ಎಳೆದುಕೊಂಡಿದ್ದರೆ ಶಿಯರ್ ಜೋನ್ (ಕಲ್ಲು ಜಾರಿ ಎಳೆದುಕೊಂಡ ವಲಯ, ಬಿಸಿ ದ್ರವ ಹರಿಯುವ ದಾರಿ) ಹತ್ತಿರ ಬಂತು ಅಂತ ಲೆಕ್ಕ. ಇಲ್ಲಿಂದ ನಾನು ತುಂಬಾ ನಿಧಾನ. ಪ್ರತಿ ಸಲ ಕಲ್ಲು ಒಡೆದು ಹೊಸ ಮುಖ ನೋಡುತ್ತೇನೆ. ಹಸಿರು ಮಾಸಿ ಮಂಕಾಗಿದೆಯಾ? ಹೊರಮೈ ತುಕ್ಕಿನ ಕಂದು ಬಣ್ಣಕ್ಕೆ ತಿರುಗಿದೆಯಾ? ತೆಳು ಹೈಡ್ರೋಕ್ಲೋರಿಕ್ ಆಮ್ಲದ ಹನಿ ಬಿಟ್ಟಾಗ ತಕ್ಷಣ ಬುರುಗು ಬಂದರೆ ಕ್ಯಾಲ್ಸೈಟ್, ಅಂದರೆ ಸುಣ್ಣದ ಖನಿಜ. ಸುಮ್ನಿದ್ದರೆ ಚಾಕುವಿನಿಂದ ಕೆರೆದು ಪುಡಿ ಮಾಡಿ ಮತ್ತೆ ಬಿಡುತ್ತೇನೆ. ಆಗ ಮೆಲ್ಲಗೆ ಗುಳ್ಳೆ ಎದ್ದರೆ ಆಂಕರೈಟ್ ಎಂಬ ಕಬ್ಬಿಣ ಇರುವ ಕಾರ್ಬೊನೇಟ್ ಖನಿಜ ಇರಬಹುದು, ಅಂದರೆ ಇಂಗಾಲದ ಡೈಆಕ್ಸೈಡ್ ತುಂಬಿದ ದ್ರವ ಇಲ್ಲಿ ಹರಿದಿದೆ. ನನಗೆ ಅತಿ ಹೆಚ್ಚು ಖುಷಿ ಕೊಡುವ ಗುಳ್ಳೆಗಳು ಅವು.

ಆಮೇಲೆ ಲೆನ್ಸ್ ಹಿಡಿದು ಪೈರೈಟ್ (ಕಬ್ಬಿಣ, ಗಂಧಕ ಸೇರಿದ ಹೊಳೆಯುವ ಖನಿಜ) ಹುಡುಕುತ್ತೇನೆ. ಆ ದ್ರವದಲ್ಲಿ ಚಿನ್ನ ಗಂಧಕದ ಜೊತೆ ಕರಗಿರುತ್ತದೆ. ಕಲ್ಲಿನ ಕಬ್ಬಿಣ ಗಂಧಕವನ್ನು ಕಸಿದುಕೊಂಡು ಪೈರೈಟ್ ಆದಾಗ ಚಿನ್ನ ಅಲ್ಲೇ ಉಳಿಯುತ್ತದೆ. ಕಬ್ಬಿಣ ಜಾಸ್ತಿ ಇರುವ ಬಸಾಲ್ಟನ್ನು ನಾನು ಬಿಡದೆ ನೋಡುವುದು ಅದಕ್ಕೇ. ಸುತ್ತಿಗೆ ಏಟಿಗೆ ಬೆಳ್ಳುಳ್ಳಿ ವಾಸನೆ ಬಂದರೆ ಆರ್ಸೆನೊಪೈರೈಟ್ (ಆರ್ಸೆನಿಕ್ ಇರುವ ಖನಿಜ) ಇದೆ, ಒಳ್ಳೆಯ ಸೂಚನೆ.

ಬೆಣಚು ಮತ್ತು ಪಕ್ಕದ ಕಲ್ಲಿನ ಮಾದರಿಗಳನ್ನು ಬೇರೆ ಬೇರೆ ಚೀಲಕ್ಕೆ ಹಾಕಿ. ಬೆರೆಸಿದರೆ ಚಿನ್ನ ಯಾವುದರಲ್ಲಿತ್ತು ಅಂತ ಪ್ರಯೋಗಾಲಯವೂ ಹೇಳಲಾರದು. ಚೀಲ ದೊಡ್ಡದೇ ಇರಲಿ: ಚಿನ್ನದ ಕಣಗಳು ದಪ್ಪಗಿದ್ದು ಅಲ್ಲೊಂದು ಇಲ್ಲೊಂದು ಇದ್ದರೆ, ಹಿಡಿಯಷ್ಟು ಕಲ್ಲಿನ ಫಲಿತಾಂಶ ನಂಬುವಂಥದ್ದಲ್ಲ.