ಏರ್ ರೈಫಲಿನ ಫ್ರಂಟ್ ಸೈಟನ್ನು ನಾನು ಹೊಂದಿಸಿದ ಬಗೆ

ಚಿತ್ರದುರ್ಗದಲ್ಲಿ ಆಷಾಢದ ಗಾಳಿ ಬೀಸತೊಡಗಿದರೆ, ಅರ್ಧ ಗ್ರಾಂ ಆಸುಪಾಸಿನ ತೂಕದ ಪೆಲೆಟ್ಟು (ಏರ್ ರೈಫಲಿನ ಪುಟ್ಟ ಗುಂಡು) 10 ಮೀಟರ್ ದೂರದಲ್ಲೂ ಕೆಲವು ಮಿಲಿಮೀಟರ್ ಪಕ್ಕಕ್ಕೆ ಸರಿಯುತ್ತದೆ. ಗಾಳಿ ಮಾಡಿದ ತಪ್ಪನ್ನು ಸೈಟಿನ ತಪ್ಪೆಂದು ತಿಳಿದು ತಿದ್ದಬಾರದು ಎಂಬ ಕಾರಣಕ್ಕೆ, ನನ್ನ ಸ್ಪ್ರಿಂಗ್ ಏರ್ ರೈಫಲಿನ ಫ್ರಂಟ್ ಸೈಟ್ (ಗುರಿ ಹಿಡಿಯಲು ನಳಿಗೆಯ ತುದಿಯಲ್ಲಿರುವ ಕಡ್ಡಿ) ಹೊಂದಿಸುವ ಕೆಲಸವನ್ನು ಬಂಧುಗಳ ಖಾಲಿ ಶೇಂಗಾ ಗೋದಾಮಿನಲ್ಲಿ, ಗುರಿಹಲಗೆಯ ಹಿಂದೆ ಮರಳಿನ ಚೀಲಗಳನ್ನು ಪೇರಿಸಿಕೊಂಡು ಮಾಡಿದೆ.

ಮೊದಲು ಐದೈದು ಪೆಲೆಟ್ಟುಗಳ ಗ್ರೂಪಿಂಗ್, ಅಂದರೆ ಅವು ಎಷ್ಟು ಒತ್ತಾಗಿ ಬೀಳುತ್ತವೆ ಎಂಬುದನ್ನು ನೋಡಿದೆ. ಗುಂಪು ಚದುರಿದ್ದರೆ ದೋಷ ಹಿಡಿತದಲ್ಲೋ ಪೆಲೆಟ್ಟಿನಲ್ಲೋ ಇರುತ್ತದೆ. ಒತ್ತಾದ ಗುಂಪು ನಡುವಿನಿಂದ ದೂರ ಬಿದ್ದಾಗ ಮಾತ್ರ ಸೈಟನ್ನು ಮುಟ್ಟಬೇಕು. ಸ್ಪ್ರಿಂಗ್ ರೈಫಲ್ ಗಟ್ಟಿ ಆಸರೆಯ ಮೇಲೆ ಅದುರಿ ಪೆಟ್ಟು ಬೀಳುವ ಜಾಗವನ್ನು ಬದಲಿಸುವುದರಿಂದ, ಅದನ್ನು ಚೀಲದ ಮೇಲೆ ನೇರವಾಗಿ ಇಡದೆ ನಡುವೆ ಎಡ ಅಂಗೈಯನ್ನು ಇರಿಸಿದೆ. ಗುರಿಹಲಗೆಯ ಪಕ್ಕದಲ್ಲಿ ಗಾರೆ ಕೆಲಸದವರ ತೂಕದ ಗುಂಡನ್ನು ಇಳಿಬಿಟ್ಟು, ಆ ದಾರಕ್ಕೆ ಸೈಟಿನ ಕಡ್ಡಿ ಸಮಾನಾಂತರವಾಗಿದೆಯೇ ಎಂದು ಪ್ರತಿ ಸಲವೂ ನೋಡಿಕೊಂಡೆ, ಏಕೆಂದರೆ ರೈಫಲ್ ಯಾವ ಕಡೆಗೆ ವಾಲುತ್ತದೆಯೋ ಪೆಲೆಟ್ಟೂ ಆ ಕಡೆಗೇ ಹೋಗುತ್ತದೆ.

ಗುಂಪು 20 ಮಿಲಿಮೀಟರ್ ಎಡಕ್ಕಿತ್ತು. ಹಿಂದಿನ ಸೈಟನ್ನು ಪೆಟ್ಟು ಹೋಗಬೇಕಾದ ಕಡೆಗೆ ಸರಿಸಿದರೆ, ಫ್ರಂಟ್ ಸೈಟನ್ನು ಪೆಟ್ಟು ಬಿದ್ದ ಕಡೆಗೇ ಸರಿಸಬೇಕು. ಎಡಕ್ಕೆ ಬಿದ್ದಿದ್ದರೆ ಎಡಕ್ಕೆ. ಎಷ್ಟು ಸರಿಸಬೇಕೆಂಬುದಕ್ಕೆ ಲೆಕ್ಕವಿದೆ: ತಪ್ಪಿನ ಅಳತೆಯನ್ನು ಎರಡು ಸೈಟುಗಳ ನಡುವಿನ ಅಂತರದಿಂದ ಗುಣಿಸಿ, ಗುರಿಯ ದೂರದಿಂದ ಭಾಗಿಸಬೇಕು. ನನ್ನ ರೈಫಲಿನಲ್ಲಿ ಆ ಅಂತರ 450 ಮಿಲಿಮೀಟರ್, ದೂರ 10,000 ಮಿಲಿಮೀಟರ್, ಉತ್ತರ 0.9 ಮಿಲಿಮೀಟರ್. ಈ ಲೆಕ್ಕವಿಲ್ಲದೆ ಸುತ್ತಿಗೆ ಹಿಡಿಯುವುದು ನನಗೆ ಒಪ್ಪಿಗೆಯಿಲ್ಲ.

ರೈಫಲಿನಲ್ಲಿ ಪೆಲೆಟ್ಟು ಇಲ್ಲವೆಂದು ಮತ್ತೊಮ್ಮೆ ನೋಡಿ, ನಳಿಗೆಗೆ ಹತ್ತಿಬಟ್ಟೆ ಸುತ್ತಿ ವೈಸಿನಲ್ಲಿ ಹದವಾಗಿ ಬಿಗಿದೆ. ಸೈಟಿನ ಬುಡ ಕೂತಿದ್ದ ಜಾಗಕ್ಕೆ ಚೂಪಾದ ಪೆನ್ಸಿಲಿನಿಂದ ಗೆರೆ ಎಳೆದು, ಹಿತ್ತಾಳೆಯ ಸರಳನ್ನು ಬುಡಕ್ಕೆ ಆನಿಸಿ ಮೆಲ್ಲಗೆ ತಟ್ಟಿದೆ. ಉಕ್ಕಿನ ಪಂಚ್ ಸೈಟಿಗೆ ಗಾಯ ಮಾಡುತ್ತದೆ, ಹಿತ್ತಾಳೆ ಮಾಡುವುದಿಲ್ಲ. ಪ್ರತಿ ತಟ್ಟಿನ ನಂತರ ವರ್ನಿಯರ್ ಕ್ಯಾಲಿಪರಿನಿಂದ ಅಳೆಯುತ್ತಾ, 0.9 ಆದೊಡನೆ ನಿಲ್ಲಿಸಿದೆ.

ಎತ್ತರದ ತಿದ್ದುಪಡಿಗೆ ಇನ್ನೂ ಹೆಚ್ಚಿನ ತಾಳ್ಮೆ ಬೇಕು. ಪೆಟ್ಟು ಕೆಳಗೆ ಬೀಳುತ್ತಿದ್ದು ಹಿಂದಿನ ಸೈಟನ್ನು ಏರಿಸಿದರೂ ಸಾಲದೆ ಹೋದಾಗ ಮಾತ್ರ ಕಡ್ಡಿಯ ತುದಿಯನ್ನು ಅರದಿಂದ ಉಜ್ಜಬಹುದು. 0.1 ಮಿಲಿಮೀಟರ್ ಉಜ್ಜಿದರೆ ಪೆಟ್ಟು ಸುಮಾರು 2.2 ಮಿಲಿಮೀಟರ್ ಮೇಲೇರುತ್ತದೆ. ಉಜ್ಜಿದ್ದು ಮರಳಿ ಬರುವುದಿಲ್ಲವಾದ್ದರಿಂದ ಅಗತ್ಯಕ್ಕಿಂತ ಕಡಿಮೆ ಉಜ್ಜಿ, ಹೊಡೆದು ನೋಡಿ, ಮತ್ತೆ ಉಜ್ಜಿದೆ. ಉಜ್ಜಿದ ತುದಿ ಹೊಳೆದರೆ ಬೆಳಕು ಬಂದ ಕಡೆಗೆ ಕಣ್ಣು ಮೋಸಹೋಗುತ್ತದೆ, ಹಾಗಾಗಿ ಕರ್ಪೂರ ಹಚ್ಚಿ ಅದರ ಮಸಿಯನ್ನು ತುದಿಗೆ ಹಿಡಿಸಿದೆ. ಕೊನೆಯ ಗುಂಪು ನಡುವಿಗೆ ಬಂದ ಬಳಿಕ ಪೆನ್ಸಿಲ್ ಗುರುತನ್ನು ಅಳಿಸಿ, ಬುಡದಿಂದ ನಳಿಗೆಯವರೆಗೆ ಬಿಳಿ ಬಣ್ಣದ ಸಣ್ಣ ಗೆರೆಯೊಂದನ್ನು ಎಳೆದೆ. ಮುಂದೆ ಸೈಟು ಕದಲಿದರೆ ಅದು ಅಲ್ಲೇ ತಿಳಿಯುತ್ತದೆ.