ಇಂಗ್ಲಿಷ್ ಉಚ್ಚಾರಣೆ ತಿದ್ದಿಕೊಳ್ಳುವುದು ಹೇಗೆ? ಮೊದಲು ಒತ್ತು, ಆಮೇಲೆ ಅಕ್ಷರ

ಕೆಲವು ವರ್ಷಗಳ ಹಿಂದೆ ಹೊರದೇಶದ ಗ್ರಾಹಕರೊಬ್ಬರೊಂದಿಗೆ ಫೋನಿನಲ್ಲಿ ಮಾತನಾಡುತ್ತಿದ್ದಾಗ ‘ಡೆವಲಪ್‌ಮೆಂಟ್’ ಎಂಬ ಒಂದು ಪದವನ್ನು ನಾನು ಮೂರು ಬಾರಿ ಹೇಳಬೇಕಾಯಿತು. ಪ್ರತಿ ಸಲವೂ ಇನ್ನಷ್ಟು ಗಟ್ಟಿಯಾಗಿ, ಇನ್ನಷ್ಟು ಬಿಡಿಸಿ ಹೇಳಿದೆ. ಪ್ರತಿ ಸಲವೂ ಅವರು ಬಹಳ ಸಂಕೋಚದಿಂದ ಮತ್ತೊಮ್ಮೆ ಹೇಳಿ ಎಂದರು. ಅಂದು ಸಂಜೆ ನಿಘಂಟು ತೆರೆದಾಗಲೇ ತಪ್ಪು ತಿಳಿದದ್ದು. ಆ ಪದದಲ್ಲಿ ಒತ್ತು, ಅಂದರೆ ಎಳೆದು ಗಟ್ಟಿಯಾಗಿ ನುಡಿಯುವ ಭಾರ, ಬೀಳಬೇಕಾದದ್ದು ಎರಡನೆಯ ಅಕ್ಷರದ ಮೇಲೆ. ಅಲ್ಲಿ ‘ವೆ’ ಎಂದು ಬಾಯಿ ತೆರೆಯಬೇಕು, ಹಿಂದುಮುಂದಿನದೆಲ್ಲ ಕುಗ್ಗಿ ‘ಡಿವೆಲಪ್‌ಮಂಟ್’ ಎಂದಾಗಬೇಕು. ನಾನು ಮೊದಲಿನ ‘ಡೆ’ಗೆ ಒತ್ತು ಕೊಟ್ಟು ಉಳಿದೆಲ್ಲ ಅಕ್ಷರಗಳನ್ನೂ ಸಮನಾಗಿ ಉಚ್ಚರಿಸುತ್ತಿದ್ದೆ. ಬಿಡಿಸಿ ಹೇಳಿದಷ್ಟೂ ಪದ ಅವರ ಕಿವಿಗೆ ಅಪರಿಚಿತವಾಗುತ್ತ ಹೋಯಿತು.

ಆಕ್ಸೆಂಟ್, ಅಂದರೆ ಮಾತಿನ ಧಾಟಿ, ಬದಲಿಸಿಕೊಳ್ಳಬೇಕು ಎನ್ನುವವರು ಮೊದಲು ನಿರ್ಧರಿಸಬೇಕಾದದ್ದು, ಯಾವುದನ್ನು ಬದಲಿಸಬೇಕು, ಯಾವುದನ್ನು ಬಿಡಬೇಕು ಎಂಬುದನ್ನು. ಕೆನಡಾದ ಮರ್ರೆ ಮನ್ರೋ ಮತ್ತು ಟ್ರೇಸಿ ಡರ್ವಿಂಗ್ ಅವರು ಮ್ಯಾಂಡರಿನ್ ಮನೆಮಾತಿನವರ ಇಂಗ್ಲಿಷನ್ನು ಇಂಗ್ಲಿಷ್ ಮನೆಮಾತಿನವರಿಗೆ ಕೇಳಿಸಿ 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪರಭಾಷೆಯ ಛಾಯೆ ದಟ್ಟವಾಗಿದ್ದ ಮಾತೂ ಕೇಳುಗರಿಗೆ ಪೂರ್ಣವಾಗಿ ಅರ್ಥವಾಗಬಲ್ಲದು ಎಂಬುದು ಸ್ಪಷ್ಟವಾಯಿತು. ಅಂದರೆ ಧಾಟಿ ಬೇರೆ, ಅರ್ಥವಾಗುವಿಕೆ ಬೇರೆ. 2000ದ ದಶಕದ ಆರಂಭದಲ್ಲಿ ಬೆಂಗಳೂರಿನ ಕಾಲ್ ಸೆಂಟರುಗಳಲ್ಲಿ ಕೆಲವೇ ವಾರಗಳ ತರಬೇತಿಯಲ್ಲಿ ಹುಡುಗ ಹುಡುಗಿಯರಿಗೆ ಹೊಸ ಧಾಟಿಯನ್ನೂ ಹೊಸ ಹೆಸರನ್ನೂ ಕೊಡುವ ಪ್ರಯತ್ನ ನಡೆಯಿತು. ಹಾಗೆ ಹೊದ್ದುಕೊಂಡ ಧಾಟಿ ಅವಸರದಲ್ಲಿ ಕಳಚಿ ಬೀಳುತ್ತದೆ ಎಂಬುದು ನನ್ನ ಅನುಭವ. ಕೇಳುವವರು ಎಡವುವ ನಾಲ್ಕೈದು ಜಾಗಗಳನ್ನು ಮಾತ್ರ ಹುಡುಕಿ ತಿದ್ದಿಕೊಂಡರೆ, ಆ ಬದಲಾವಣೆ ನಿಲ್ಲುತ್ತದೆ.

ಕೆಲಸ ಆರಂಭವಾಗಬೇಕಾದದ್ದು ಧ್ವನಿಮುದ್ರಣದಿಂದ. ಮೊಬೈಲಿನಲ್ಲಿ ಒಂದು ನಿಮಿಷ ಪತ್ರಿಕೆಯ ಸುದ್ದಿಯನ್ನು ಓದಿ, ಇನ್ನೊಂದು ನಿಮಿಷ ನಿಮ್ಮ ಕೆಲಸದ ಬಗ್ಗೆ ನೋಡದೆ ಮಾತನಾಡಿ. ಎರಡನೆಯದೇ ನಿಜವಾದ ನಿಮ್ಮ ಇಂಗ್ಲಿಷ್. ಜೊತೆಗೆ ದಿನವೂ ಬಳಸುವ ಇಪ್ಪತ್ತು ಪದಗಳನ್ನು ಬರೆದುಕೊಳ್ಳಿ: ನರ್ಸ್ ಆಗಿದ್ದರೆ ‘ಪೇಷೆಂಟ್’, ‘ಇಂಜೆಕ್ಷನ್’, ಸಾಫ್ಟ್‌ವೇರಿನವರಾದರೆ ‘ಡೇಟಾ’, ‘ರಿಕ್ವೈರ್‌ಮೆಂಟ್’. ಮೊದಲು ತಿದ್ದಬೇಕಾದದ್ದು ಈ ಇಪ್ಪತ್ತನ್ನೇ. ಅನುಕರಣೆಗೆ ಒಂದೇ ಒಂದು ಧ್ವನಿಯನ್ನು ಆರಿಸಿಕೊಳ್ಳಿ. ಬ್ರಿಟಿಷ್ ಆಗಲಿ, ಅಮೆರಿಕನ್ ಆಗಲಿ, ಸ್ಪಷ್ಟವಾಗಿ ಮಾತನಾಡುವ ಭಾರತೀಯ ವಾರ್ತಾವಾಚಕರಾಗಲಿ, ಯಾರಾದರೂ ಸರಿ. ಎರಡು ಮೂರನ್ನು ಬೆರೆಸಬೇಡಿ.

ಇನ್ನು ಒತ್ತಿನ ವಿಷಯ. ಅತಿ ಹೆಚ್ಚು ಸಮಯ ಕೊಡಬೇಕಾದದ್ದು ಇದಕ್ಕೇ. ಇಲ್ಲಿ ಒತ್ತು ಎಂದರೆ ಒತ್ತಕ್ಷರವಲ್ಲ. ಒಂದು ಅಕ್ಷರವನ್ನು ಎಳೆದು, ಏರಿಸಿ, ಗಟ್ಟಿಯಾಗಿ ನುಡಿಯುವುದು. ಕನ್ನಡದಲ್ಲಿ ‘ಕಡು’ ಮತ್ತು ‘ಕಾಡು’ ಬೇರೆಬೇರೆ ಪದಗಳಾಗುವುದು ಸ್ವರದ ಉದ್ದದಿಂದ. ಒತ್ತಿನ ಜಾಗ ಬದಲಾದರೆ ನಮಗೆ ಅರ್ಥ ಬದಲಾಗುವುದಿಲ್ಲ. ಇಂಗ್ಲಿಷಿನಲ್ಲಿ ಬದಲಾಗುತ್ತದೆ. ಮೊದಲ ಅಕ್ಷರಕ್ಕೆ ಒತ್ತು ಕೊಟ್ಟು ‘ರೆಕಾರ್ಡ್’ ಎಂದರೆ ದಾಖಲೆ, ಎರಡನೆಯದಕ್ಕೆ ಕೊಟ್ಟು ‘ರಿಕಾರ್ಡ್’ ಎಂದರೆ ದಾಖಲಿಸು. ‘ಫೋಟೊಗ್ರಾಫ್’ನಲ್ಲಿ ಒತ್ತು ಮೊದಲ ಅಕ್ಷರಕ್ಕೆ, ಅದೇ ಪದ ‘ಫಟಾಗ್ರಫಿ’ ಆದಾಗ ಎರಡನೆಯದಕ್ಕೆ, ‘ಫೋಟೊಗ್ರಾಫಿಕ್’ ಆದಾಗ ಮೂರನೆಯದಕ್ಕೆ ಹೋಗುತ್ತದೆ. ‘ಹೊಟೆಲ್’, ‘ಇವೆಂಟ್’, ‘ಕಮಿಟಿ’ ಇವುಗಳಲ್ಲೆಲ್ಲ ನಾವು ಮೊದಲ ಅಕ್ಷರಕ್ಕೆ ಒತ್ತು ಹಾಕುತ್ತೇವೆ, ಹಾಕಬೇಕಾದದ್ದು ಎರಡನೆಯದಕ್ಕೆ. ಆಕ್ಸ್‌ಫರ್ಡ್, ಕೇಂಬ್ರಿಜ್ ನಿಘಂಟುಗಳ ಜಾಲತಾಣಗಳಲ್ಲಿ ಉಚ್ಚಾರಣೆಯನ್ನು ಉಚಿತವಾಗಿ ಕೇಳಬಹುದು. ಒತ್ತು ಬೀಳುವ ಅಕ್ಷರಕ್ಕೆ ಮುಂಚೆ, ಮೇಲ್ಗಡೆ ಒಂದು ಪುಟ್ಟ ಲಂಬಗೆರೆಯೂ ಇರುತ್ತದೆ.

ಒತ್ತು ಬೀಳದ ಅಕ್ಷರಗಳ ಸ್ವರವನ್ನು ನುಂಗುವುದು ಇದರ ಇನ್ನೊಂದು ಅರ್ಧ. ಇದು ಕನ್ನಡಿಗರಿಗೆ ಕಷ್ಟವೆಂದು ಹೇಳುವುದನ್ನು ನಾನು ಒಪ್ಪುವುದಿಲ್ಲ. ಬರವಣಿಗೆಯ ‘ಹುಡುಗ’ನನ್ನು ಮಾತಿನಲ್ಲಿ ‘ಹುಡ್ಗ’ ಎನ್ನುವವರು, ‘ಮಾಡುತ್ತೇನೆ’ಯನ್ನು ‘ಮಾಡ್ತೀನಿ’ ಎನ್ನುವವರು ನಾವೇ. ಮನೆಮಾತಿನಲ್ಲಿ ಇಷ್ಟು ಸಲೀಸಾಗಿ ಸ್ವರ ನುಂಗುವ ನಾವು ಇಂಗ್ಲಿಷನ್ನು ಮಾತ್ರ ಶಾಲೆಯ ಪುಸ್ತಕದಿಂದ ಕಲಿತದ್ದರಿಂದ, ಕಾಗುಣಿತ ಓದಿದಂತೆ ಓದುತ್ತೇವೆ. ‘ಕಂಫರ್ಟಬಲ್’ ಎಂಬುದು ‘ಕಂಫ್‌ಟಬಲ್’ ಆಗುವುದು, ‘ವೆಜಿಟೇಬಲ್’ ಎಂಬುದು ‘ವೆಜ್‌ಟಬಲ್’ ಆಗುವುದು ಇದೇ ನಿಯಮದಿಂದ. ಅಭ್ಯಾಸಕ್ಕೆ ಒಂದು ಅಗಲವಾದ ರಬ್ಬರ್ ಬ್ಯಾಂಡ್ ಸಾಕು. ಎರಡು ಹೆಬ್ಬೆರಳುಗಳ ನಡುವೆ ಹಿಡಿದು, ಒತ್ತಿನ ಅಕ್ಷರ ಬಂದಾಗ ಎಳೆಯಿರಿ, ಮಿಕ್ಕಾಗ ಸಡಿಲ ಬಿಡಿ. ‘ಡಿ’ಗೆ ಸಡಿಲ, ‘ವೆ’ಗೆ ಎಳೆತ, ‘ಲಪ್‌ಮಂಟ್’ಗೆ ಮತ್ತೆ ಸಡಿಲ. ಕೈ ಕಲಿತದ್ದನ್ನು ಬಾಯಿ ಬೇಗ ಕಲಿಯುತ್ತದೆ.

ಒತ್ತು ಹಿಡಿತಕ್ಕೆ ಬಂದ ಮೇಲೆ ಧ್ವನಿಗಳ ಕಡೆಗೆ ಹೋಗಬಹುದು. ನಮ್ಮ ‘ವ’ ಇಂಗ್ಲಿಷಿನ ಎರಡು ಧ್ವನಿಗಳ ನಡುವೆ ಇದೆ. ಕನ್ನಡಿಯ ಮುಂದೆ ನಿಂತು ಅಂಗಿಯ ಒಳಗೆ ತೊಡುವ ‘ವೆಸ್ಟ್’ ಎನ್ನುವಾಗ ಮೇಲಿನ ಹಲ್ಲು ಕೆಳತುಟಿಗೆ ತಾಗಿ ಝುಮ್ಮೆನ್ನಬೇಕು. ಪಶ್ಚಿಮದ ‘ವೆಸ್ಟ್’ ಎನ್ನುವಾಗ ‘ಉ’ ಎಂದು ತುಟಿ ಗುಂಡಗೆ ಮಾಡಿ, ಹಲ್ಲು ತಾಗಿಸದೆ ‘ಉಎಸ್ಟ್’ ಎಂದು ಜಾರಿಸಬೇಕು. ಮೃಗಾಲಯದ ‘ಜೂ’ ಹೇಳಲು ‘ಸ್‌ಸ್‌ಸ್’ ಎಂದು ಎಳೆದು, ಗಂಟಲಿನ ಮೇಲೆ ಬೆರಳಿಟ್ಟು, ಅಲ್ಲಿ ಕಂಪನ ಹುಟ್ಟುವವರೆಗೆ ಧ್ವನಿ ಸೇರಿಸಿ. ಇಂಗ್ಲಿಷಿನ ‘ಟ’ ನಮ್ಮ ‘ಟ’ದಷ್ಟು ಹಿಂದಕ್ಕೆ ಮಡಿಚುವುದಿಲ್ಲ, ‘ಲ’ ಎನ್ನುವಾಗ ನಾಲಿಗೆಯ ತುದಿ ತಾಗುವ ಜಾಗದಲ್ಲಿಯೇ ಅದನ್ನು ಹೇಳಿ.

ಮಹಾಪ್ರಾಣದ ವಿಷಯದಲ್ಲಿ ನಮ್ಮ ವರ್ಣಮಾಲೆಯೇ ನೆರವಿಗೆ ಬರುತ್ತದೆ. ಇಂಗ್ಲಿಷಿನಲ್ಲಿ ಒತ್ತಿನ ಅಕ್ಷರದ ಆರಂಭದಲ್ಲಿ ಬರುವ ಪ, ಟ, ಕ ಧ್ವನಿಗಳು ಉಸಿರಿನೊಂದಿಗೆ ಹೊರಡುತ್ತವೆ. ತುಟಿಯ ಮುಂದೆ ಒಂದು ತೆಳು ಕಾಗದ ಹಿಡಿದು ‘ಪಿನ್’ ಎಂದರೆ ಕಾಗದ ಅಲುಗಬೇಕು, ‘ಸ್ಪಿನ್’ ಎಂದರೆ ಅಲುಗಬಾರದು. ಅಲುಗದಿದ್ದರೆ ‘ಪಿನ್’ ಎಂದದ್ದು ಅವರಿಗೆ ‘ಬಿನ್’ ಎಂದು ಕೇಳಿಸಬಹುದು. ‘ಫಲ’ ಎಂಬ ಪದವನ್ನು ಹಳೆಯ ಮೇಷ್ಟರುಗಳು ತುಟಿ ಮುಚ್ಚಿ ತೆರೆದು ಹೇಳಿಸುತ್ತಿದ್ದ ರೀತಿಯನ್ನು ನೆನಪಿಸಿಕೊಳ್ಳಿ. ಬೇಕಾದದ್ದು ಅದೇ ಉಸಿರು.

‘ಎಗ್’ ಅನ್ನು ‘ಯೆಗ್’ ಎಂದೂ ‘ಓಲ್ಡ್’ ಅನ್ನು ‘ವೋಲ್ಡ್’ ಎಂದೂ ಹೇಳುವ ಅಭ್ಯಾಸಕ್ಕೆ ಮದ್ದು ಸಂಧಿಯಲ್ಲಿದೆ. ‘ಊರು’ ಮತ್ತು ‘ಅಲ್ಲಿ’ ಸೇರಿ ‘ಊರಲ್ಲಿ’ ಆಗುವಂತೆ, ಹಿಂದಿನ ಪದದ ವ್ಯಂಜನವನ್ನು ಮುಂದಿನ ಸ್ವರಕ್ಕೆ ಕೂಡಿಸಿ, ‘ಆ್ಯನ್ ಎಗ್’, ‘ಆ್ಯನ್ ಓಲ್ಡ್’ ಎಂಬುದನ್ನು ‘ಅನೆಗ್’, ‘ಅನೋಲ್ಡ್’ ಎನ್ನಿ; ‘ಯ’, ‘ವ’ ನುಸುಳಲು ಜಾಗವೇ ಇರುವುದಿಲ್ಲ. ಪದದ ಕೊನೆಗೆ ‘ಬಸ್ಸು’, ‘ಬ್ಯಾಂಕು’ ಎಂದು ‘ಉ’ಕಾರ ಸೇರಿಸುವುದನ್ನೂ, ಸ್ಪೆಲಿಂಗಿನಲ್ಲಿ ಎರಡು ಸಲ ಬಂದ ವ್ಯಂಜನವನ್ನು ‘ಹ್ಯಾಪ್ಪಿ’ ಎಂದು ದ್ವಿತ್ವ ಮಾಡುವುದನ್ನೂ ಬಿಡಬೇಕು. ‘ಲುಕ್ಡ್’ ಅಲ್ಲ, ‘ಲುಕ್ಟ್’.

ಕೆಲವನ್ನು ಹಾಗೆಯೇ ಬಿಡಬಹುದು. ‘ಥ್ಯಾಂಕ್ಸ್’ ಎನ್ನುವಾಗ ನಾಲಿಗೆಯನ್ನು ಹಲ್ಲುಗಳ ನಡುವೆ ಚಾಚದಿದ್ದರೂ ಬೇರೆಬೇರೆ ಭಾಷೆಯವರ ನಡುವಿನ ಮಾತುಕತೆಗೆ ತೊಂದರೆಯಿಲ್ಲ ಎಂದು ಬ್ರಿಟನ್ನಿನ ಜೆನಿಫರ್ ಜೆಂಕಿನ್ಸ್ 2000ದಲ್ಲಿಯೇ ವಾದಿಸಿದ್ದರು. ‘ಕಾರ್’ನ ರಕಾರವನ್ನು ನಾವು ಉಚ್ಚರಿಸುತ್ತೇವೆ, ಅಮೆರಿಕನ್ನರೂ ಸ್ಕಾಟ್ಲೆಂಡಿನವರೂ ಉಚ್ಚರಿಸುತ್ತಾರೆ.

ಅಭ್ಯಾಸಕ್ಕೆ ದಿನಕ್ಕೆ ಹದಿನೈದು ನಿಮಿಷ ಸಾಕು, ಆದರೆ ದಿನ ತಪ್ಪಬಾರದು. ಆರಿಸಿಕೊಂಡ ಧ್ವನಿಯ ಅರ್ಧ ನಿಮಿಷದ ತುಣುಕನ್ನು ಮೊದಲು ಸುಮ್ಮನೆ ಕೇಳಿ. ಆಮೇಲೆ ಪದಗಳಿಲ್ಲದೆ ಅದರ ಏರಿಳಿತವನ್ನಷ್ಟೇ ಗುನುಗಿ. ಕೊನೆಗೆ ಅವರೊಂದಿಗೇ, ಒಂದು ಪದದಷ್ಟು ಹಿಂದೆ ಉಳಿದು, ಮಾತನಾಡಿ. ಒಂದು ವಾರಕ್ಕೆ ಒಂದೇ ತುಣುಕು, ಒಂದೇ ದೋಷ. ಮೂರು ತಿಂಗಳ ನಂತರ ಅದೇ ಸುದ್ದಿಯನ್ನೂ ಅದೇ ವಿಷಯವನ್ನೂ ಮತ್ತೆ ಧ್ವನಿಮುದ್ರಿಸಿ, ಹಳೆಯದರ ಪಕ್ಕದಲ್ಲಿಟ್ಟು ಕೇಳಿ.

ನಿಮ್ಮ ಹೆಸರನ್ನು ಮಾತ್ರ ತಿರುಚಬೇಡಿ. ಇಂಗ್ಲಿಷ್ ವಾಕ್ಯ ಎಷ್ಟೇ ವೇಗವಾಗಿ ಸಾಗುತ್ತಿದ್ದರೂ ಹೆಸರಿನ ಮುಂಚೆ ಅರೆಕ್ಷಣ ನಿಂತು, ‘ನಂಜುಂಡ’, ‘ಸ್ವಾಮಿ’ ಎಂದು ಎರಡು ತುಂಡಾಗಿ ಕನ್ನಡದಲ್ಲಿ ಹೇಳುವಂತೆಯೇ ಹೇಳಿ, ಎದುರಿನವರು ಒಮ್ಮೆ ಹೇಳಿ ನೋಡುವಷ್ಟು ಸಮಯ ಕೊಟ್ಟು, ನಂತರ ಮಾತು ಮುಂದುವರಿಸಿ.